ಲ್ಯಾನ್ಸ್‌ಡೌನ್ ಕಟ್ಟಡ: ಮೈಸೂರಿನ ಹಳೆಯ ಅಂಗಡಿ ಸಾಲು

ಮೈಸೂರಿಗೆ ಹೋದವರು ಅರಮನೆಯನ್ನೂ ಚಾಮುಂಡಿ ಬೆಟ್ಟವನ್ನೂ ಮೃಗಾಲಯವನ್ನೂ ನೋಡದೆ ಹಿಂದಿರುಗುವುದಿಲ್ಲ. ಆದರೆ ದೇವರಾಜ ಮಾರುಕಟ್ಟೆಯ ಸಮೀಪದಲ್ಲಿ, ಜಗನ್ಮೋಹನ ಅರಮನೆಗೆ ಸಾಗುವ ಹಾದಿಯಲ್ಲಿ ಎದ್ದ ಲ್ಯಾನ್ಸ್‌ಡೌನ್ ಕಟ್ಟಡದ ಕಥೆಯನ್ನು ಬಲ್ಲ ಪ್ರವಾಸಿಗರು ವಿರಳ.

1881ರಲ್ಲಿ ರಾಜ್ಯವು ಒಡೆಯರ ಮನೆತನಕ್ಕೆ ಮರಳಿತು. ಮರು ವರ್ಷವೇ ಬೆಂಗಳೂರಿನಿಂದ ರೈಲುದಾರಿ ಬಂದು ಮೈಸೂರನ್ನು ಮುಟ್ಟಿತು. ಸರಕೂ ಜನವೂ ಹೆಚ್ಚಿದ ಊರಿಗೆ ಅಚ್ಚುಕಟ್ಟಾದ ಅಂಗಡಿಬೀದಿ ಬೇಕಾಯಿತು. ಹತ್ತನೆಯ ಚಾಮರಾಜ ಒಡೆಯರು ಆಳುತ್ತಿದ್ದು, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲವದು. 1892ರಲ್ಲಿ ವೈಸ್‌ರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಮೈಸೂರಿಗೆ ಭೇಟಿಯಿತ್ತುದರ ನೆನಪಿಗಾಗಿ ಈ ಕಟ್ಟಡಕ್ಕೆ ಅವರ ಹೆಸರನ್ನಿಟ್ಟರು. ವಿಜಯಸ್ತಂಭವಲ್ಲ, ಪ್ರತಿಮೆಯಲ್ಲ, ಸ್ಮಾರಕವಾಗಿ ನಿಂತದ್ದು ಅಂಗಡಿಗಳ ಸಾಲು!

ಕೆಳಗೆ ಕಂಬಗಳ ಮೊಗಸಾಲೆ, ಅದರ ಒಳಗೆ ಮಳಿಗೆಗಳು, ಮೇಲೊಂದು ಅಂತಸ್ತು. ಬಿಸಿಲಾಗಲಿ ಮಳೆಯಾಗಲಿ, ಗಿರಾಕಿಯು ಕಮಾನುಗಳ ನೆರಳಿನಲ್ಲಿಯೇ ಅಂಗಡಿಯಿಂದ ಅಂಗಡಿಗೆ ಸಾಗಬಹುದಿತ್ತು. 1897ರಲ್ಲಿ ಮರದ ಅರಮನೆ ಬೆಂಕಿಗೆ ತುತ್ತಾದ ಮೇಲೆ ರಾಜಪರಿವಾರ ಜಗನ್ಮೋಹನ ಅರಮನೆಯಲ್ಲಿ ನೆಲೆಸಿತು. 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡುದೂ ಅಲ್ಲಿಯೇ. ಅಂಗಡಿ ಸಾಲಿಗೆ ರಾಜವೈಭವದ ನೆರೆ ದೊರೆಯಿತು.

ಮುಂದಿನ ತಲೆಮಾರುಗಳಿಗೆ ಮಾತ್ರ ಈ ಕಟ್ಟಡವೆಂದರೆ ಹಳೆಯ ಪುಸ್ತಕಗಳು. ಹೊಸ ಪಠ್ಯಪುಸ್ತಕ ಕೊಳ್ಳಲಾರದ ವಿದ್ಯಾರ್ಥಿಗೆ ಇಲ್ಲಿಯ ಮಳಿಗೆಗಳೇ ಆಸರೆ. ವೈಸ್‌ರಾಯರ ಹೆಸರು ಹೀಗೆ ಬಡವರ ಮಕ್ಕಳ ಬಾಯಲ್ಲಿ ಉಳಿಯಿತು.

ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ ಎಬ್ಬಿಸಿದ ಆ ಕಾಲದ ಕಟ್ಟಡಗಳು ದೀರ್ಘಾಯುಗಳೇ. ಆದರೆ ಅವುಗಳ ಚಾವಣಿಯನ್ನು ಹೊರುವುದು ಮರದ ತೊಲೆ. ಗಾರೆಯ ಬಿರುಕಿನಲ್ಲಿ ಇಳಿದ ನೀರು ತೊಲೆಯ ತುದಿಯನ್ನು ಮೆತ್ತಗೆ ಮಾಡುತ್ತದೆ. ಗೋಡೆಯ ಸಂದಿನಲ್ಲಿ ಚಿಗುರಿದ ಅರಳಿಯ ಬೇರು ಇಟ್ಟಿಗೆಯನ್ನು ಸೀಳುತ್ತದೆ. ಹೊರಗಿನ ಸುಣ್ಣಬಣ್ಣ ಒಳಗಿನ ನೋವನ್ನು ಹೇಳುವುದಿಲ್ಲ.

2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ತೆತ್ತರು. ಮಳಿಗೆಗಳು ಬರಿದಾದವು. 2016ರ ಆಗಸ್ಟಿನಲ್ಲಿ ನೆರೆಯ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರವೂ ಉರುಳಿತು. ಕೆಡವಿ ಹೊಸದಾಗಿ ಕಟ್ಟಬೇಕೆಂದು ಕೆಲವರು, ದುರಸ್ತಿ ಮಾಡಿ ಉಳಿಸಬೇಕೆಂದು ಕೆಲವರು. ವಾದ ವರ್ಷಗಟ್ಟಲೆ ಬೆಳೆಯಿತು. ಅತ್ತ ವ್ಯಾಪಾರಿಗೆ ದಿನದ ಅನ್ನದ ಚಿಂತೆ, ಇತ್ತ ಇತಿಹಾಸಪ್ರಿಯರಿಗೆ ಊರಿನ ಮುಖಚಹರೆಯ ಚಿಂತೆ.

ಎರಡೂ ನ್ಯಾಯವಾದ ಚಿಂತೆಗಳೇ. ಅರಮನೆಗೆ ಕಾವಲುಗಾರರಿದ್ದಾರೆ, ದೇವಾಲಯಕ್ಕೆ ಭಕ್ತರಿದ್ದಾರೆ. ಅಂಗಡಿ ಸಾಲಿನ ಚಾವಣಿಯನ್ನು ಮಳೆಗಾಲಕ್ಕೆ ಮುನ್ನ ಹತ್ತಿ ನೋಡುವವರು ಯಾರು? ನಮ್ಮ ನಮ್ಮ ಊರಿನ ಹಳೆಯ ಪೇಟೆಯಲ್ಲಿ ನಡೆಯುವಾಗಲೂ ಒಮ್ಮೆ ತಲೆಯೆತ್ತಿ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.