ಮಾಮಾ, 110 ಮುಟ್ಟಿತ್ತು

ಇದನ್ನ ಬರೀಬೇಕೋ ಬ್ಯಾಡೋ ಅಂತ ಬಾಳ ದಿನ ಕುಂತಿದ್ದೆ. ಅಕ್ಕನ್ನ ಕೇಳಿದೆ. "ಬರಿ, ಹುಡುಗನ ಹೆಸರು ಹಾಕಬ್ಯಾಡ" ಅಂದಳು.

ಅಕ್ಕನ ಮಗನಿಗೆ 17 ವರ್ಷ. ಹೋದ ತಿಂಗಳು ಒಂದು ಭಾನುವಾರ ನಸುಕಿನಲ್ಲಿ, ಬೆಳಗಾವಿ–ಖಾನಾಪುರ ಹೆದ್ದಾರಿಯಲ್ಲಿ, ದೇಸೂರು ದಾಟಿದ ಮೇಲೆ, ಇನ್ನೊಂದು ಬೈಕಿನ ಜೋಡಿ ರೇಸ್ ಹಚ್ಚಿ ಬಿದ್ದ. ನಾನು ಆಸ್ಪತ್ರೆಗೆ ಹೋದಾಗ ತೊಡೆಯ ಎಲುಬು ಮುರಿದಿತ್ತು, ಅರ್ಧ ಮುಖ ಕೆತ್ತಿ ಹೋಗಿತ್ತು. ನನ್ನ ನೋಡಿದ ಕೂಡಲೇ ಅಂವ ಆಡಿದ ಮೊದಲ ಮಾತು: "ಮಾಮಾ, 110 ಮುಟ್ಟಿತ್ತು."

ಕಪಾಳಕ್ಕ ಹೊಡೀಬೇಕು ಅನಿಸ್ತು. ಹೊಡೆಯಾಕ ಜಾಗಾನ ಇರಲಿಲ್ಲ.

ಈ ಹುಡುಗರಿಗೆ ಭಯಾನ ಇಲ್ಲ ಅಂತೀವಿ. ಅದು ಸುಳ್ಳು. ನಾಲ್ಕು ದಿನ ಬಿಟ್ಟು ಅವನನ್ನೇ ಕೇಳಿದೆ. "ಶುರುವಿಗೆ ಕೈ ನಡಗ್ತಾವ ಮಾಮಾ. ಆಮ್ಯಾಲೆ ತಲ್ಯಾಗ ಏನೂ ಇರಂಗಿಲ್ಲ. ಅದಕ್ಕ ಹೋಗೂದು." ಮಾರ್ವಿನ್ ಜುಕರ್ಮನ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲೇ ಈ ರೋಮಾಂಚನದ ಹಸಿವನ್ನ ಅಳೆಯೋಕೆ ಪ್ರಶ್ನಾವಳಿ ಮಾಡಿದ್ದರು. ಅದರ ನಾಲ್ಕು ಎಳೆಗಳಲ್ಲಿ ಒಂದು ಬೇಸರ ತಾಳಲಾರದ ಗುಣ. ನಮ್ಮ ಹುಡುಗ ಪಿಯುಸಿ ಬಿಟ್ಟು ಖಾನಾಪುರದ ಕಡೆ ಇಟ್ಟಂಗಿ ಲೋಡ್ ಮಾಡ್ತಾನೆ. ಬೆಳಿಗ್ಗೆಯಿಂದ ಸಂಜೆತನಕ ಅದೇ ಕೈ, ಅದೇ ಇಟ್ಟಂಗಿ. ವಾರಕ್ಕೆ ಹತ್ತು ನಿಮಿಷ ಅವನಿಗೆ ಜೀವ ಬರೋದು ಆ ರಸ್ತೆ ಮೇಲೆ.

ಅವನು ಇನ್ನೊಂದು ಮಾತು ಹೇಳಿದ: "ರೋಡಿನ್ಯಾಗ ಯಾವ ಓಣ್ಯಾಂವ ಅಂತ ಯಾರೂ ಕೇಳಂಗಿಲ್ಲ. ಮುಂದಿದ್ದಾಂವ ಮುಂದ." ಇದು ನನಗೆ ನಾಟಿತು. ದಲಿತ ಮದುಮಗ ಕುದುರೆ ಹತ್ತಬೇಕಂದ್ರ ಪೊಲೀಸ್ ಬಂದೋಬಸ್ತ್ ಬೇಕಾಗೋ ದೇಶ ಇದು. ಬೈಕೇ ನಮ್ಮ ಹುಡುಗರ ಕುದುರೆ ಅಂತ ಒಮ್ಮೆ ಭಾಷಣದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಆದರೆ ಎಲ್ಲಾನೂ ಜಾತಿಗೆ ಕಟ್ಟಿದ್ರೆ ತಪ್ಪಾಗ್ತದೆ. ಅವತ್ತು ಅವನ ಜೋಡಿ ಓಡಿಸಿದವನು ಮೇಲ್ಜಾತಿಯ ಗುತ್ತಿಗೆದಾರನ ಮಗ. ಹುಚ್ಚು ಇಬ್ಬರದೂ ಒಂದೇ. ಬಿದ್ದ ಮೇಲಷ್ಟೇ ಬ್ಯಾರೆ. ಆ ಹುಡುಗ ತಿರುಗಿ ನೋಡದೆ ಹೋದ. ನಮ್ಮವನನ್ನ ಎತ್ತಿ ತಂದಿದ್ದು ಕಾಯಿಪಲ್ಲೆ ಟೆಂಪೋದವರು. ರಸ್ತೆ ಬದಿಗೆ ಕೆಲಸಕ್ಕೆ ನಡೆದಿದ್ದ ನಾಲ್ಕು ಹೆಣ್ಣಾಳುಗಳಿಗೆ ಮೂರು ಮೊಳದ ಅಂತರದಲ್ಲಿ ಬೈಕ್ ಜಾರಿ ಹೋಯ್ತು ಅಂತ ಹೇಳಿದವರೂ ಅವರೇ. ಹುಡುಗ ಇದನ್ನ ನನಗೆ ಹೇಳಿರಲಿಲ್ಲ. ಆ ಹೆಣ್ಮಕ್ಕಳೂ ನಮ್ಮ ಅಕ್ಕನಂಥವರೇ.

ಬೈಕ್ ಅಕ್ಕನ ಹೆಸರಿನಲ್ಲಿದೆ, ಸಾಲದ ಕಂತು ಇನ್ನೂ ಮುಗಿದಿಲ್ಲ. ರೇಸ್ ಮಾಡಿದವರಿಗೆ ಮೋಟಾರು ವಾಹನ ಕಾಯ್ದೆಯ ಕಲಂ 189ರ ಪ್ರಕಾರ ಮೂರು ತಿಂಗಳ ತನಕ ಜೈಲು, ಇಲ್ಲಾ 5,000 ರೂಪಾಯಿ ತನಕ ದಂಡ, ಅಥವಾ ಎರಡೂ. ಆದರೆ ಹುಡುಗ 18 ತುಂಬದವನಾದರೆ 2019ರ ತಿದ್ದುಪಡಿಯಲ್ಲಿ ಬಂದ 199ಎ ಪೋಷಕರನ್ನ, ಗಾಡಿ ಮಾಲೀಕರನ್ನ ಹಿಡಿಯುತ್ತದೆ: ಮೂರು ವರ್ಷದ ತನಕ ಜೈಲು, 25,000 ದಂಡ, ಗಾಡಿ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ಆಗೋತನಕ ಲೈಸೆನ್ಸ್ ಇಲ್ಲ. ಮನೆಗೆಲಸ ಮಾಡೋ ಅಕ್ಕ ನನ್ನ ಕೇಳಿದ್ದು ಒಂದೇ: "ನನ್ನ ಒಳಗ ಹಾಕ್ತಾರೇನೋ?"

ಈಗ ನನ್ನ ಪಾಲಿನದು ಹೇಳ್ತೀನಿ. 2024ರ ಆಗಸ್ಟಿನಲ್ಲಿ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ವೀಲಿಂಗ್ ಹುಡುಗರ ಸ್ಕೂಟರುಗಳನ್ನ ಜನ ಮೇಲ್ಸೇತುವೆಯಿಂದ ಕೆಳಗೆ ಎಸೆದ ವಿಡಿಯೋ ನೆನಪಿದೆಯಲ್ಲ? ಅದಕ್ಕೆ ನಾನೂ ಲೈಕ್ ಒತ್ತಿದ್ದೆ. ಹೋದ ಏಪ್ರಿಲ್ 14ರ ಬೈಕ್ ರ‍್ಯಾಲಿಗೆ ಓಣಿ ಹುಡುಗರನ್ನ ಕರೆದವನೂ ನಾನೇ. ಸೈಲೆನ್ಸರ್ ಬಿಚ್ಚಿ, ನೀಲಿ ಬಾವುಟ ಕಟ್ಟಿ, ಮುಂದಿನ ಗಾಲಿ ಎತ್ತಿಕೊಂಡು ಹೊಂಟವನು ಇದೇ ಅಕ್ಕನ ಮಗ. ವಿಡಿಯೋ ಹಾಕಿ 'ನಮ್ಮ ಹುಲಿ' ಅಂತ ಬರೆದಿದ್ದೆ. ನಿಮ್ಮಲ್ಲಿ ಬಾಳ ಮಂದಿ ಹಾರ್ಟ್ ಒತ್ತಿದ್ರಿ.

2005ರಲ್ಲಿ ಗಾರ್ಡ್ನರ್, ಸ್ಟೈನ್‌ಬರ್ಗ್ ಅನ್ನೋ ಸಂಶೋಧಕರು ಹುಡುಗರಿಗೆ, ದೊಡ್ಡವರಿಗೆ ಕಂಪ್ಯೂಟರಿನಲ್ಲಿ ಕಾರ್ ಓಡಿಸೋ ಆಟ ಕೊಟ್ಟು ನೋಡಿದರು. ಗೆಳೆಯರು ಜೊತೆಗಿದ್ದಾಗ 13ರಿಂದ 16ರ ಹುಡುಗರು ಒಬ್ಬರೇ ಇದ್ದಾಗಿಗಿಂತ ಬಾಳ ಹೆಚ್ಚು ಅಪಾಯಕ್ಕೆ ಕೈ ಹಾಕಿದರು. 24 ದಾಟಿದವರಲ್ಲಿ ಹಂಗೇನೂ ಆಗಲಿಲ್ಲ. ನೋಡೋ ಕಣ್ಣು ಇದ್ದರೆ ಆಕ್ಸಿಲೇಟರ್ ತಾನೇ ತಿರುಗ್ತದೆ. ನಮ್ಮ ಹುಡುಗನಿಗೆ ಆ ಕಣ್ಣು ನಾನಾಗಿದ್ದೆ.

ಮೊನ್ನೆ ಜಯಂತಿ ಸಮಿತಿ ಸಭೆಯಲ್ಲಿ ಈ ಸಲ ಬೈಕ್ ರ‍್ಯಾಲಿ ಬ್ಯಾಡ, ಎಲ್ಲರೂ ನಡಕೊಂಡು ಹೋಗೂಣು ಅಂದೆ. ಹಿರಿಯರು ಹೂಂ ಅಂದರು. ಹಿಂದೆ ನಿಂತಿದ್ದ ಹುಡುಗನೊಬ್ಬ, "ಹಂಗಾರ ನಮಗೇನ್ ಕೆಲಸ ಅಣ್ಣಾ ಅಲ್ಲಿ?" ಅಂದ. ಮೆರವಣಿಗೆಯ ವ್ಯವಸ್ಥೆ ಪೂರಾ ನಿಮ್ಮ ಕೈಯಾಗ ಕೊಡ್ತೀವಿ ಅಂದೆ. ಅವನಿಗೆ ಅದು ರುಚಿಸಿದಂಗೆ ಕಾಣಲಿಲ್ಲ. ಶುಕ್ರವಾರ ಮತ್ತೆ ಸಭೆ ಐತಿ. ಹುಡುಗರನ್ನ ಕಳಕೊಳ್ಳದೆ ಇದನ್ನ ನಿಲ್ಲಿಸಿದವರು ನಿಮ್ಮ ಊರಾಗ ಯಾರರ ಇದ್ರ ಕೆಳಗ ಬರೀರಿ.