ಗಿಣ್ಣಿಗೊಂದು ಮುಲಾಮು

ಝೀಝೀ ಗಿಡದ ಹೊಸ ಮೊಳಕೆ ಮಣ್ಣು ಸೀಳಿಕೊಂಡು ಮೇಲೆದ್ದ ದಿನ ಟೀಚರೊಬ್ಬರ ಕಾಫಿ ಆರಿಹೋಗುತ್ತದೆ. ಅವರು ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡುತ್ತಿರುತ್ತಾರೆ. ಸಿದ್ದಾಪುರದ ನರ್ಸರಿಯಿಂದ ಬಂದ ಗಿಡ ಅದು. ನಾಲ್ಕು ತಿಂಗಳು ಒಂದು ಎಲೆಯನ್ನೂ ಬಿಟ್ಟಿರಲಿಲ್ಲ.

ಅದರ ನಿಧಾನಕ್ಕೆ ಕಾರಣವಿದೆ. ಪೂರ್ವ ಆಫ್ರಿಕಾದ ಮಳೆ ತಪ್ಪುವ ನೆಲದಲ್ಲಿ ಹುಟ್ಟಿದ ಝೀಝೀ, ಆಲೂಗಡ್ಡೆಯಂಥ ಗೆಡ್ಡೆಯಲ್ಲಿ ನೀರು ಕೂಡಿಟ್ಟುಕೊಂಡು ಬದುಕಲು ಕಲಿತದ್ದು. ಗೆಡ್ಡೆ ತುಂಬುವವರೆಗೆ ಚಿಗುರಿಗೆ ಅವಸರವಿಲ್ಲ.

ನಿವೃತ್ತಿಯಾದ ಮೇಲೆ ಟೀಚರಿಗೆ ಹಿಡಿದದ್ದು ಇಂಥ ನಿಧಾನದ ಗಿಡಗಳಿಗೆ ಬೆಳವಣಿಗೆಯ ಚೋದಕ ಕೊಟ್ಟು ನೋಡುವ ಹವ್ಯಾಸ. ಅದರ ಬೀಜ ಬಿದ್ದದ್ದು ತವರಿನಲ್ಲಿ, ವಿಜಯಪುರದ ದ್ರಾಕ್ಷಿ ತೋಟದಲ್ಲಿ. ಅಣ್ಣ ಎಳೆಯ ಗೊಂಚಲುಗಳನ್ನು ಒಂದೊಂದಾಗಿ ಜಿಎ ದ್ರಾವಣದಲ್ಲಿ ಅದ್ದಿ ಬಿಡುತ್ತಿದ್ದ. ಬೀಜವಿಲ್ಲದ ಕಾಯಿ ಉದ್ದವಾಗಿ ದಪ್ಪವಾಗುವುದು ಅದರಿಂದಲೇ.

“ಅಣ್ಣಾ, ನನ್ನ ಕುಂಡದ ಗಿಡಕ್ಕ ಇದು ನಡೀತೈತೇನು?”

“ನಡೀತೈತಿ ತಂಗಿ. ಆದ್ರ ಅಳತಿ ತಪ್ಪಿಸಬ್ಯಾಡ.”

ಜಿಎ ಎಂದರೆ ಜಿಬ್ಬರೆಲಿಕ್ ಆಮ್ಲ. ಅದರ ಕತೆ ಶುರುವಾದದ್ದು ಭತ್ತದ ಒಂದು ರೋಗದಿಂದ. ರೋಗ ತಗುಲಿದ ಪೈರು ಬಿಳಿಚಿಕೊಂಡು ಸುಮ್ಮನೆ ಉದ್ದಕ್ಕೆ ಬೆಳೆದು ಒರಗುತ್ತಿತ್ತು. ಜಪಾನಿನ ರೈತರು ಅದನ್ನು ‘ಬಕನಾಎ’, ಪೆದ್ದು ಪೈರು, ಎಂದರು. ಹಾಗೆ ಉದ್ದವಾಗಿಸುವುದು ಒಂದು ಶಿಲೀಂಧ್ರ ಸ್ರವಿಸುವ ರಸ ಎಂದು ವಿಜ್ಞಾನಿ ಕುರೊಸಾವಾ 1926ರಲ್ಲಿ ತೋರಿಸಿದರು. 1935ರಲ್ಲಿ ಯಬುತಾ ಅದಕ್ಕೆ ಜಿಬ್ಬರೆಲಿನ್ ಎಂದು ಹೆಸರಿಟ್ಟರು.

ಪುಡಿ ನೀರಿಗೆ ಸುಲಭವಾಗಿ ಬೆರೆಯದು. ಟೀಚರು ಅದನ್ನು ಮೊದಲು ಕೆಲವು ಹನಿ ಸ್ಪಿರಿಟ್‌ನಲ್ಲಿ ಕರಗಿಸಿ ಆಮೇಲೆ ನೀರು ಹಾಕುತ್ತಾರೆ. ಲೀಟರಿಗೆ 100 ಮಿಲಿಗ್ರಾಂ ಅಂದರೆ 100 ಪಿಪಿಎಂ. ಅಗ್ಲೋನಿಮಾ ಗಿಡಕ್ಕೆ ಅದನ್ನು ಧಾರಾಳವಾಗಿ ಸಿಂಪಡಿಸಿದ ವರ್ಷ ಎಲೆಯ ತೊಟ್ಟು ಬಡಕಲಾಗಿ ನೀಳವಾಯಿತು, ತಿಂಗಳುಗಳ ಮೇಲೆ ಬುಡದಲ್ಲಿ ಬಿಳಿ ಹೂಗಳೇ ಬಂದುವು! ಫ್ಲಾರಿಡಾ ವಿಶ್ವವಿದ್ಯಾಲಯದ ತಳಿ ತಜ್ಞರು ಈ ಜಾತಿಯ ಗಿಡಗಳಲ್ಲಿ ಬೇಕೆಂದಾಗ ಹೂ ತರಿಸಲು 250 ಪಿಪಿಎಂ ಜಿಎ ಬಳಸುತ್ತಾರೆಂಬುದು ಅವರಿಗೆ ಆಮೇಲೆ ತಿಳಿಯಿತು. ಎಲೆಯ ಚೆಲುವಿಗೆಂದೇ ಸಾಕುವ ಗಿಡಕ್ಕೆ ಜಿಎ ಅಷ್ಟಾಗಿ ಹೊಂದದು. ಅದು ಎಳೆಯುತ್ತದೆ, ತುಂಬಿಸುವುದಿಲ್ಲ.

ತುಂಬಿಸುವುದು ಇನ್ನೊಂದು ಚೋದಕ, ಸೈಟೊಕೈನಿನ್. ಗಿಡದ ತುದಿಮೊಗ್ಗು ಕೆಳಗಿನ ಮೊಗ್ಗುಗಳನ್ನು ಏಳಗೊಡುವುದಿಲ್ಲ. ಆ ಹಿಡಿತವನ್ನು ಸಡಿಲಿಸುವುದೇ ಇದರ ಕೆಲಸ. ಎಳನೀರಿನಲ್ಲಿ ಅದು ಸಹಜವಾಗಿಯೇ ಇದೆ. ಸಸ್ಯವಿಜ್ಞಾನಿ ವಾನ್ ಓವರ್‌ಬೀಕ್ 1941ರಲ್ಲೇ ದತ್ತೂರಿಯ ಎಳೆ ಭ್ರೂಣಗಳನ್ನು ತೆಂಗಿನಕಾಯಿಯ ನೀರಿನಲ್ಲಿ ಬೆಳೆಸಿದ್ದರು. 1955ರಲ್ಲಿ ವಿಸ್ಕಾನ್ಸಿನ್‌ನ ಸ್ಕೂಗ್, ಮಿಲ್ಲರ್ ತಂಡ ಹೆರಿಂಗ್ ಮೀನಿನ ಡಿಎನ್‌ಎಯಿಂದ ಕೈನೆಟಿನ್ ಎಂಬ ಸೈಟೊಕೈನಿನ್ ಬೇರ್ಪಡಿಸಿತು.

ಲ್ಯಾನೊಲಿನ್‌ನಲ್ಲಿ ಕಲಸಿದ ಸೈಟೊಕೈನಿನ್ ಮುಲಾಮಿನ ಪುಟ್ಟ ಡಬ್ಬಿ ಟೀಚರ ಕಪಾಟಿನಲ್ಲಿದೆ. ಅದರ ಹೆಸರು ಕೇಕಿ; ಹವಾಯಿಯ ಮಾತಿನಲ್ಲಿ ಹಾಗೆಂದರೆ ಮಗು. ಕೋಲಿನಂತೆ ನೆಟ್ಟಗೆ ನಿಂತ ಫಿಡಲ್ ಎಲೆಯ ಫೈಕಸ್‌ನ ಗಿಣ್ಣೊಂದನ್ನು ಸೂಜಿಮೊನೆಯಿಂದ ತುಸುವೇ ಗೀರಿ, ಸಾಸಿವೆ ಕಾಳಿನಷ್ಟು ಮುಲಾಮು ಸವರುತ್ತಾರೆ. ಉಸಿರು ಬಿಗಿಹಿಡಿದು ಮಾಡುವ ಕೆಲಸ. ಆ ಎರಡು ನಿಮಿಷದಲ್ಲಿ ಫೋನ್ ಬಂದರೂ ಎತ್ತುವುದಿಲ್ಲ.

ಇಷ್ಟೆಲ್ಲ ಇದ್ದರೂ ಚೋದಕ ಊಟವಲ್ಲ. ಕತ್ತಲೆ ಮೂಲೆಯ ಗಿಡಕ್ಕೆ ಯಾವ ಬಾಟಲಿಯೂ ಬೆಳಕಾಗದು. ಝೀಝೀಯ ಕುಂಡವನ್ನು ಮೆಟ್ಟಿಲ ಕೆಳಗಿನಿಂದ ಪೂರ್ವದ ಕಿಟಕಿಗೆ ತಂದು, ಗಟ್ಟಿಯಾಗಿದ್ದ ಮಣ್ಣಿಗೆ ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಬೆರೆಸಿದ ಮೇಲೆಯೇ ಅವರು ಚೋದಕವಾಗಿ ಕಡಲಪಾಚಿಯ ರಸ ಶುರು ಮಾಡಿದ್ದು: ಹದಿನೈದು ದಿನಕ್ಕೊಮ್ಮೆ, ಲೀಟರಿಗೆ 2 ಮಿಲಿಲೀಟರ್. ಬಿಸಿಲೇರುವ ಮುಂಚೆ, ಎಲೆಯಡಿಯೂ ನೆನೆಯುವಂತೆ. ನರ್ಸರಿ ಗಿಡಗಳದ್ದು ಇನ್ನೊಂದು ಗುಟ್ಟು: ಕೆಲವನ್ನು ಗಿಡ್ಡಾಗಿ, ಅಡಕವಾಗಿ ಇಡಲು ಪ್ಯಾಕ್ಲೊಬ್ಯುಟ್ರಜೋಲ್ ಕೊಟ್ಟಿರುತ್ತಾರೆ. ಮಾವಿನ ತೋಟದವರು ಕಲ್ಟಾರ್ ಎನ್ನುವುದು ಇದನ್ನೇ. ಜಿಬ್ಬರೆಲಿನ್ ಹುಟ್ಟದಂತೆ ತಡೆಯುವ ಆ ಮದ್ದು ಇಳಿಯುವವರೆಗೆ ಗಿಡ ಮನೆಗೆ ಬಂದರೂ ಮಿಸುಕುವುದಿಲ್ಲ.

ಝೀಝೀ ಮೊಳಕೆಯ ತಾರೀಖನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಟೀಚರು ಫೈಕಸ್ ಕಡೆ ತಿರುಗುತ್ತಾರೆ. ಮುಲಾಮು ಸವರಿ ಹದಿನೇಳು ದಿನ. ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದರೆ, ಗಿಣ್ಣಿನ ಕಂದು ಪೊರೆ ಒಂದು ಕಡೆ ಬಿರಿದು, ಒಳಗೆ ಹಸಿರು ಕಾಣುತ್ತಿದೆ.