ಬ್ಯಾಟ್ರಿ ಹಿಡಿದವಳಿಗೆ

ಕುಂದಾಪುರ

ಪ್ರೀತಿಯ ಪುಟ್ಟಿ,

ಒಂದು ವಾರದಿಂದ ನಿನ್ನ ಹೆಸರು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತಿದೆ. ಬ್ರಹ್ಮಾವರದ ಗ್ಯಾರೇಜಿನಲ್ಲಿ ತಗಡಿನ ತಗ್ಗು ತುಂಬುವ ಪೇಸ್ಟಿಗೂ ಪುಟ್ಟಿ ಅಂತಲೇ ಹೆಸರು. ‘ಪುಟ್ಟಿ ಜಾಸ್ತಿ ಆಯ್ತ್, ಉಜ್ಜಾ’ ಎಂದು ಟಿಂಕರ್ ತನ್ನ ಹುಡುಗನನ್ನು ಗದರುವಾಗೆಲ್ಲ ನನಗೆ ಒಳಗೊಳಗೇ ನಗು.

ಹೌದು, ಅಪ್ಪಯ್ಯನ ಫಿಯೆಟ್ ಗ್ಯಾರೇಜಿನಲ್ಲಿದೆ. ಎಂಜಿನ್, ಬ್ರೇಕ್ ಕೆಲಸ ಹೋದ ವರ್ಷವೇ ಮುಗಿದಿತ್ತು. ಬಾಕಿ ಇದ್ದದ್ದು ಡ್ಯಾಶ್‌ಬೋರ್ಡಿನ ಆ ತೂತು.

ನಿನಗೆ ಆಗ ಎಂಟು ವರ್ಷ. 1991ರ ಮಳೆಗಾಲ. ಯಕ್ಷಗಾನದ ಭಾಗವತ ಗುಂಡ್ಮಿ ಕಾಳಿಂಗ ನಾವಡರು ಅಪಘಾತದಲ್ಲಿ ತೀರಿಕೊಂಡು ಒಂದು ವರ್ಷವಾಗಿತ್ತು. ಅವರ ಪದ ಕೇಳಬೇಕೆಂದರೆ ಉಳಿದದ್ದು ಕ್ಯಾಸೆಟ್ ಮಾತ್ರ. ಮುಂಬೈಯ ಹೋಟೆಲು ಬಿಟ್ಟು ಬರುವಾಗ ಅಪ್ಪಯ್ಯ ತಂದಿದ್ದ 1968ರ ಡಿಲೈಟ್ ಗಾಡಿಯಲ್ಲಿ ಪ್ಲೇಯರ್ ಇರಲಿಲ್ಲ. ಅವರಿಗೆ ಖುಷಿಯಾಗಲಿ ಎಂದು ನಾನೇ ಒಂದು ತಂದೆ. ಅದಕ್ಕೆ ಬೇಕಾದ ಕಿಂಡಿ 182 ಮಿಲಿಮೀಟರ್ ಉದ್ದ, 53 ಮಿಲಿಮೀಟರ್ ಎತ್ತರ. ಅಳೆದದ್ದು ಸರಿಯಾಗಿಯೇ ಇತ್ತು, ಕೊಯ್ದದ್ದು ಮಾತ್ರ ಸೊಟ್ಟ. ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿಕೊಂಡು ನಾನು ಎಳೆಯುತ್ತಿದ್ದರೆ ನೀನು ಸೀಟಿನ ಮೇಲೆ ಮಂಡಿಯೂರಿ ಬ್ಯಾಟ್ರಿ ಹಿಡಿದಿದ್ದೆ. ಮೂಲೆಯಲ್ಲಿ ತಗಡು ಹರಿದ ಸದ್ದಿಗೆ ಬೆಳಕು ನಡುಗಿತ್ತು.

ಬೆಳಿಗ್ಗೆ ಅಪ್ಪಯ್ಯ ಕೇಳಿದ್ದು ಒಂದೇ ಮಾತು: ‘ಯಾರ್ ಕೊಯ್ದದ್?’ ನಾನು ತಲೆ ತಗ್ಗಿಸಿದೆ. ‘ನಾನೂ ಇದ್ದಿದ್ದೆ, ಅಪ್ಪಯ್ಯ’ ಅಂದದ್ದು ನೀನು. ಅವರು ಆ ಹರಿದ ಅಂಚನ್ನು ಹೆಬ್ಬೆರಳಲ್ಲಿ ಸವರಿ, ಸ್ವಲ್ಪ ಹೊತ್ತು ಬಿಟ್ಟು, ‘ಕೊಯ್ದ್ ಆಯ್ತಲೆ. ಇನ್ ನಾವ್ಡ್ರ ಪದ ಹಾಕ್, ಕಾಂಬ’ ಅಂದರು. ಬೈದಿದ್ದರೆ ನಾನು ಮರೆತೇಬಿಡುತ್ತಿದ್ದೆನೋ ಏನೋ.

ಗುಜರಿಗೆ ಬಿದ್ದ ಬೇರೆ ಫಿಯೆಟ್ಟಿನ ಡ್ಯಾಶ್ ತಂದು ಕೂರಿಸೋಣವೇ ಎಂದು ಟಿಂಕರ್ ಹತ್ತಿರ ಕೇಳಿದೆ. ನಿಮ್ಮ ಮುಂಬೈಯಲ್ಲಿ 2023ರ ಅಕ್ಟೋಬರಿಗೆ ಇದೇ ಫಿಯೆಟ್ ಜಾತಿಯ ಪದ್ಮಿನಿ ಟ್ಯಾಕ್ಸಿಗಳೆಲ್ಲ ನಿಂತವಲ್ಲ, ಸಿಕ್ಕೀತು ಎಂಬ ಆಸೆ. ಆತ ನಕ್ಕ. ‘ಇಷ್ಟ್ ತೂತಿಗೆ ಇಡೀ ಮುಖವೇ ಬದಲ್ಸುದಾ ಮಾರಾಯ್ರೆ?’

ಮೊದಲು ಬ್ಯಾಟರಿ ವಯರ್ ಕಳಚಿ, ಮೀಟರು, ಸ್ವಿಚ್ಚು ಎಲ್ಲ ಬಿಚ್ಚಿದ. ಕಿಡಿ ಸಿಡಿದರೆ ಗಾಜಿಗೆ ಚುಕ್ಕೆ ಬೀಳುತ್ತದೆಂದು ಒದ್ದೆ ಗೋಣಿ ಹೊದಿಸಿದ. ನಾನು ಹರಿದ ಮೂಲೆಯಲ್ಲಿ ಬಿರುಕು ಎಲ್ಲಿ ಮುಗಿಯುತ್ತದೋ ಅಲ್ಲಿ ಸಣ್ಣ ತೂತು ಕೊರೆದ. ಇಲ್ಲದಿದ್ದರೆ ಅದು ಮುಂದಕ್ಕೆ ಓಡುತ್ತದಂತೆ. ಆಮೇಲೆ ಸೊಟ್ಟ ಅಂಚನ್ನು ನೇರ ಮಾಡಲು ತೂತನ್ನು ಇನ್ನಷ್ಟು ದೊಡ್ಡದು ಮಾಡಿದ! ನನ್ನ ಎದೆ ಹಾರಿತು. ರಟ್ಟಿನಲ್ಲಿ ಅಳತೆ ಕತ್ತರಿಸಿ, ಅಷ್ಟೇ ದಪ್ಪದ ತಗಡನ್ನು ಪೈಪಿನ ಮೇಲೆ ಬಗ್ಗಿಸಿ, ಹಿಡಿದು ನೋಡಿ, ಮತ್ತೆ ಬಗ್ಗಿಸಿ, ಅದನ್ನು ಕೂರಿಸಲಿಕ್ಕೇ ಅರ್ಧ ದಿನ ಹೋಯಿತು.

ವೆಲ್ಡಿಂಗ್ ಒಂದೇ ಗೆರೆಯಲ್ಲಿ ಎಳೆಯಲಿಲ್ಲ. ಇಲ್ಲೊಂದು ಚುಕ್ಕೆ, ಎದುರು ಮೂಲೆಯಲ್ಲೊಂದು ಚುಕ್ಕೆ, ನಡುವೆ ಕೈಕಟ್ಟಿ ಕಾಯುವುದು. ಒಂದೇ ಕಡೆ ಬಿಸಿ ಮಾಡಿದರೆ ತೆಳು ತಗಡು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ನನಗೆ ಆ ರಾತ್ರಿ ಇಲ್ಲದೇ ಹೋದದ್ದು ಈ ತಾಳ್ಮೆ.

ನಮ್ಮ ಕಡಲ ಗಾಳಿಗೆ ಉಜ್ಜಿದ ಕಬ್ಬಿಣ ಬೆಳಗಾಗುವುದರೊಳಗೆ ಕೆಂಪಾಗುತ್ತದೆ. ಹಾಗಾಗಿ ಅದೇ ಸಂಜೆ ಪ್ರೈಮರ್ ಬಿತ್ತು. ಬಣ್ಣಕ್ಕೆ ಮಾತ್ರ ದೀಪಾವಳಿ ಕಳೆಯುವವರೆಗೆ ಕಾದೆವು, ಮಳೆಯ ಥಂಡಿಗೆ ಪೇಂಟ್ ಬಿಳಿಚಿಕೊಳ್ಳುತ್ತದೆ. ಬಿಸಿಲು ಕಾಣದ ಹಳೆಯ ನೀಲಿ ಮೀಟರಿನ ಅಂಚಿನಡಿ ಉಗುರಿನಷ್ಟು ಉಳಿದಿತ್ತು. ಅದನ್ನು ನೋಡಿಯೇ ಬಣ್ಣ ಕಲಸಿದ್ದು. ಈಗ ಕೈಯಾಡಿಸಿದರೂ ಜಾಗ ಗೊತ್ತಾಗುವುದಿಲ್ಲ.

ಹಿಂಬದಿಯ ಬೆಸುಗೆ ಮಾತ್ರ ಹಾಗೇ ಇದೆ. ಎರಡೂ ಕಡೆ ಉಜ್ಜಿದರೆ ತಗಡು ಸವೆದು ಜೋಡಣೆಯ ಬಲ ಹೋಗುತ್ತದೆ ಅಂದ. ಸ್ಟೇರಿಂಗ್ ಅಡಿ ಅಂಗಾತ ಮಲಗಿ ಬೆಳಕು ಹಾಕಿದರೆ ಸಾಲಾಗಿ ಕಾಣುತ್ತದೆ, ಅಮ್ಮ ಗೋಣಿ ಹೊಲಿದ ಹಾಗೆ ಉಬ್ಬುಬ್ಬು ಹೊಲಿಗೆ.

ನಾವಡರ ಪದಗಳು ಫೋನಿಗೆ ಬಂದಿವೆ, ಪ್ಲೇಯರಿಗೆ ಈಗ ಕಿಂಡಿ ಬೇಡ. ಡಿಸೆಂಬರಿಗೆ ಬಾ. ಮರವಂತೆಯಲ್ಲಿ ಒಂದು ಬದಿ ಕಡಲು, ಒಂದು ಬದಿ ಸೌಪರ್ಣಿಕೆ ನೋಡಿಕೊಂಡು ಕೊಲ್ಲೂರಿಗೆ ಹೋಗಿ ಬರುವ.

ಮೀಟರ್ ಇನ್ನೂ ಕೂರಿಸಿಲ್ಲ. ಟಿಂಕರ್ ಕೂರಿಸಿಕೊಡುತ್ತೇನೆ ಅಂದ, ನಾನೇ ಬೇಡ ಅಂದೆ. ಅದನ್ನು ಮನೆಯಲ್ಲೇ ಮಾಡಬಹುದು. ವಯರ್ ಜೋಡಿಸುವಾಗ ಯಾರಾದರೂ ಬ್ಯಾಟ್ರಿ ಹಿಡಿಯಬೇಕು, ಅಷ್ಟೆ.

ನಿನ್ನ
ಅಣ್ಣ